ಎಳೆ ಕಡಿಯುವ ದಿನ

ನನಗೊಂದು ಕೆಟ್ಟ ಚಟವಿದೆ. ಯಾರಾದರೂ ಫೋನು ಮಾಡಿ, ‘ನಿಮ್ಮ ಕಡೆ ಒಮ್ಮೆ ಬರಬೇಕು ಅಂತಿದ್ದೇವೆ, ಯಾವಾಗ ಬಂದರೆ ಒಳ್ಳೆಯದು?’ ಎಂದು ಕೇಳಿದರೆ ‘ಈಗ ಬೇಡ’ ಅಂದುಬಿಡುತ್ತೇನೆ. ಅವರು ಯಾವ ತಿಂಗಳಲ್ಲಿ ಕೇಳಿದರೂ ನನ್ನ ಉತ್ತರ ಅದೇ. ಇದನ್ನು ಜಿಪುಣತನ ಅಂದುಕೊಳ್ಳಬೇಡಿ. ಬಂದವರಿಗೆ ನಾಲ್ಕು ರೊಟ್ಟಿ ಬಡಿದು ಹಾಕುವುದು ನಮ್ಮ ಬನಹಟ್ಟಿಯ ಮನೆಯಲ್ಲಿ ಯಾರಿಗೂ ಭಾರವಾಗಿಲ್ಲ. ಊರನ್ನು ಅದರ ಒಳ್ಳೆಯ ಮುಖದಲ್ಲೇ ತೋರಿಸಬೇಕೆಂಬ ಹಟ ನನ್ನದು, ಅಷ್ಟೆ. ಕನ್ಯೆ ನೋಡಲು ಬರುವವರ ಮುಂದೆ ಹುಡುಗಿಯ ಅಪ್ಪನಿಗೆ ಇರುತ್ತದಲ್ಲ, ಅಂಥ ಗಡಿಬಿಡಿ.

ಈ ಚಟದ ಪೆಟ್ಟು ಹೆಚ್ಚು ಬಿದ್ದಿರುವುದು ಮೈಸೂರಿನ ಶ್ರೀಕಂಠನಿಗೆ. ಬಿ.ಎಡ್. ಓದುವಾಗ ನನ್ನ ಕೋಣೆಯಲ್ಲೇ ಇದ್ದ ಗೆಳೆಯ. ಹನ್ನೊಂದು ವರ್ಷಗಳಿಂದ ಬರುತ್ತೇನೆ ಅನ್ನುತ್ತಿದ್ದಾನೆ, ಹನ್ನೊಂದು ವರ್ಷಗಳಿಂದ ನಾನು ತಡೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಕೇಳಿದಾಗ, ‘ಓಡುವುದಕ್ಕೇ ಹುಟ್ಟಿದ ಮುಧೋಳದ ನಾಯಿ ಕೂಡ ಈಗ ಗಾಡಿಯ ಕೆಳಗಿನ ನೆರಳು ಬಿಟ್ಟು ಏಳುವುದಿಲ್ಲ, ಬೇಡ’ ಅಂದೆ. ಜುಲೈಯಲ್ಲಿ ಕೇಳಿದ. ನಮ್ಮ ಎರೆಮಣ್ಣು ಒಮ್ಮೆ ಹಿಡಿದ ಚಪ್ಪಲಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ಬೇಡ ಅಂದೆ. ಆಗಸ್ಟಿನಲ್ಲಿ ಕೃಷ್ಣೆ ತುಂಬಿ ಬರುತ್ತಾಳೆ. ತಮಾಷೆಯೆಂದರೆ ಆಗ ನಮ್ಮ ತಲೆಯ ಮೇಲೆ ಮೋಡವೇ ಇರುವುದಿಲ್ಲ. ಮಳೆ ಮಹಾರಾಷ್ಟ್ರದ್ದು, ಮಹಾಪೂರ ನಮ್ಮದು. ಚಳಿಗಾಲವಾದರೂ ಆದೀತು ಅಂದರೆ ಆಗ ಕಬ್ಬಿನ ಹಂಗಾಮು; ಮಹಾಲಿಂಗಪುರದಿಂದ ಸಮೀರವಾಡಿಯ ಸಕ್ಕರೆ ಕಾರ್ಖಾನೆಯವರೆಗೆ ಎರಡೆರಡು ಟ್ರೇಲರು ಕಟ್ಟಿಕೊಂಡ ಟ್ರ್ಯಾಕ್ಟರುಗಳ ಹಿಂದೆ ಅವನ ಕಾರು ಬಾಗಿನದ ಬುಟ್ಟಿ ಹೊತ್ತವರ ಹಾಗೆ ನಿಧಾನ ನಡೆಯಬೇಕಾಗುತ್ತದೆ. ಕೊನೆಗೊಮ್ಮೆ ಅವನು, ‘ನಿಮ್ಮೂರಿಗೆ ಹದಿಮೂರನೇ ತಿಂಗಳು ಅಂತ ಒಂದು ಬಂದಾಗ ಹೇಳು ಕಣೋ ಈರಣ್ಣ, ಬರ್ತೀನಿ’ ಅಂದ.

ಈ ರೋಗಕ್ಕೆ ನನ್ನ ಕಸುಬೂ ಒಂದು ಕಾರಣ. ನಾನು ಭೂಗೋಳದ ಮಾಸ್ತರ. ನಿವೃತ್ತನಾದ ಮೇಲೂ ಒಂದು ಉದ್ದನೆಯ ನೋಟುಬುಕ್ಕಿನಲ್ಲಿ ಹವಾಮಾನ ಬರೆದಿಡುತ್ತೇನೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದು ನಾಲ್ಕು ಅಂಕಣ. ಐದನೆಯದು ‘ಪ್ರವಾಸಕ್ಕೆ ಯೋಗ್ಯವೇ?’ ಎಂಬುದು. ನಾಲ್ಕೂ ಊರು ಒಂದೇ ದಿನ ಸುತ್ತಿ ಬರುವಷ್ಟು ಹತ್ತಿರ, ಆದರೆ ನಾಲ್ಕಕ್ಕೂ ನಾಲ್ಕು ಸ್ವಭಾವ. ಜಮಖಂಡಿಯ ಗುಡ್ಡದ ಮೇಲೆ ಗಾಳಿ ಆಡುತ್ತಿದ್ದರೆ ನಮ್ಮ ಓಣಿಯಲ್ಲಿ ಎಲೆ ಅಲುಗುವುದಿಲ್ಲ. ಮುಧೋಳದಲ್ಲಿ ಸುರಿದ ಮಳೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡಿಗೆ ಬಂದು, ಯಾವ ಬಸ್ಸು ಹತ್ತಬೇಕೆಂದು ತಿಳಿಯದೆ ವಾಪಸು ಹೋಗಿಬಿಡುತ್ತದೆ. ನಾಲ್ಕೂ ಅಂಕಣ ಒಟ್ಟಿಗೆ ಚೆನ್ನಾಗಿದ್ದ ದಿನಗಳು ಐದನೆಯ ಅಂಕಣದಲ್ಲಿ ಎಷ್ಟು ವಿರಳವೆಂದರೆ, ನನ್ನ ಹೆಂಡತಿ ಸರೋಜಾ ಆ ಪುಟದ ಖಾಲಿ ಜಾಗದಲ್ಲಿ ಹಾಲಿನವನ ಲೆಕ್ಕ ಬರೆಯುತ್ತಾಳೆ.

ನಮ್ಮ ಹಳೆಯ ಕಾವ್ಯಗಳಲ್ಲಿ ರಾಜರು ಹೊರಡುವುದು ಶರದೃತುವಿನಲ್ಲಿ. ಹೊಳೆ ಇಳಿದಿರಬೇಕು, ದಾರಿ ಒಣಗಿರಬೇಕು, ಆಕಾಶ ತೊಳೆದಿಟ್ಟಂತಿರಬೇಕು. ಸನ್ಯಾಸಿಗಳು ಮಳೆಗಾಲದ ನಾಲ್ಕು ತಿಂಗಳು ಕುಳಿತ ಊರಿನಿಂದ ಕದಲಬಾರದು. ಹೀಗೆ ಭೋಗಿಗೂ ಯೋಗಿಗೂ ಪ್ರಯಾಣದ ಕಾಲವನ್ನು ಹಿರಿಯರು ಗೊತ್ತುಮಾಡಿ ಇಟ್ಟಿದ್ದಾರೆ. ಮನೆಯಲ್ಲಿ ಮಗ್ಗವಿದ್ದವನು ಯಾವಾಗ ಹೊರಡಬೇಕೆಂದು ಮಾತ್ರ ಯಾರೂ ಬರೆದಂತಿಲ್ಲ. ಬರೆಯದಿದ್ದದ್ದೇ ಒಳ್ಳೆಯದಾಯಿತು, ಓದಿದವರು ನಂಬುತ್ತಿರಲಿಲ್ಲ.

ಯಾಕೆಂದರೆ ನಮ್ಮದು ನೇಕಾರರ ಮನೆ. ನೇಕಾರರ ಮನೆಯಲ್ಲಿ ಒಳ್ಳೆಯ ಹವೆ ಎಂದರೆ ಮಗ್ಗಕ್ಕೆ ಒಳ್ಳೆಯದಾದ ಹವೆ. ನೂಲಿಗೆ ಹಚ್ಚಿದ ಗಂಜಿ ಒಣಗುವಷ್ಟು ಬಿಸಿಲು ಬೇಕು, ಎಳೆ ಮೆತ್ತಗೆ ಉಳಿಯುವಷ್ಟು ತಂಪೂ ಬೇಕು. ಅಂಥ ಚೆಂದದ ದಿನ ಮಗ್ಗ ಬಿಟ್ಟು ತಿರುಗಲು ಹೋಗುವವನನ್ನು ಓಣಿಯ ಜನ ತಲೆ ಕೆಟ್ಟವನು ಅನ್ನುತ್ತಿದ್ದರು. ಹೊರಡಬೇಕಾದ್ದು ಮಗ್ಗ ನಿಂತಾಗ. ಮಗ್ಗ ನಿಲ್ಲುತ್ತಿದ್ದದ್ದು ವರ್ಷದಲ್ಲಿ ಎರಡೇ ಸಲ: ಗಂಜಿ ಒಣಗದಂಥ ಜಿಟಿಜಿಟಿ ಮಳೆ ಹಿಡಿದಾಗ, ಇಲ್ಲವೇ ಕೈ ತಗುಲಿದರೆ ಸಾಕು ಎಳೆ ಕಡಿದುಹೋಗುವಷ್ಟು ಬೇಸಿಗೆಯ ಹವೆ ಒಣಗಿದಾಗ. ಹಾಗಾಗಿ ನಮ್ಮ ಅಪ್ಪ ನಮಗೆ ಜಗತ್ತನ್ನೆಲ್ಲ ಕೆಟ್ಟ ಹವೆಯಲ್ಲೇ ತೋರಿಸಿದ. ಗೋಕಾಕದ ಜಲಪಾತವನ್ನು ನಾನು ಮೊದಲು ಕಂಡದ್ದು ಮೇ ತಿಂಗಳಲ್ಲಿ. ನೀರಿರಲಿಲ್ಲ. ನೀರು ಬೀಳುವ ಜಾಗವನ್ನು ಅಪ್ಪ ಬೆರಳು ಮಾಡಿ ತೋರಿಸಿದ, ನಾವು ನಾಲ್ಕೂ ಮಕ್ಕಳು ಶ್ರದ್ಧೆಯಿಂದ ಕಲ್ಲು ನೋಡಿ ಬಂದೆವು. ಬಾದಾಮಿಯ ಗುಹೆಗಳ ಮುಂದೆ ಬರಿಗಾಲಲ್ಲಿ ಕುಣಿದ ನೆನಪು ನನ್ನ ಅಂಗಾಲಿಗೆ ಈಗಲೂ ಇದೆ. ಮುಂದೆ ನಾನು ಭೂಗೋಳ ಓದಿದ್ದು, ಋತು ನೋಡಿ ತಿರುಗುವ ಹಟ ಹಿಡಿದದ್ದು ಈ ಸುಟ್ಟ ಅಂಗಾಲಿನ ಸೇಡಿಗಾಗಿಯೇ ಇರಬೇಕು.

ಇಷ್ಟು ಹೇಳಿದ್ದು ನಮ್ಮ ಚಿಗವ್ವನ ಮಾತಿಗೆ ಬರಲಿಕ್ಕೆ. ಚಿಗವ್ವ ಎಂದರೆ ನನ್ನ ಕಾಕಾನ ಹೆಂಡತಿ ನೀಲವ್ವ. ಕಾಕಾ ಇಲ್ಲ, ಆಕೆ ನಮ್ಮೊಂದಿಗೇ ಇದ್ದಾಳೆ, ಅಥವಾ ನಾವು ಆಕೆಯೊಂದಿಗೆ ಇದ್ದೇವೆ ಎನ್ನುವುದು ಸರಿ. ಎಂಬತ್ತರ ಹತ್ತಿರದ ಜೀವ, ಹಿಡಿಯಷ್ಟು ಮೈ. ಮನೆಯ ಹಿಂದೆ ನನ್ನ ತಮ್ಮನ ಪಾವರಲೂಮು ಓಡುತ್ತದೆ. ಚಿಗವ್ವ ದಿನಾ ಬೆಳಿಗ್ಗೆ ಅಲ್ಲಿಂದ ಒಂದು ಮೊಳ ನೂಲು ತಂದು ಕಟ್ಟೆಯ ಮೇಲೆ ಕುಳಿತು, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಜಗ್ಗುತ್ತಾಳೆ. ಎಳೆ ಹೇಗೆ ಕಡಿಯಿತು, ಎಷ್ಟು ಹೊತ್ತು ತಾಳಿತು ಎಂಬುದರ ಮೇಲೆ ಹವೆ ಹೇಳುತ್ತಾಳೆ. ‘ಸಂಜಿಗೆ ಮಳಿ ಐತಿ, ಕುಳ್ಳು ಒಳಗ ಹಾಕ್ರಿ’ ಅಂದರೆ ಸರೋಜಾ ಆಗಲೇ ಎದ್ದು ಅಂಗಳದ ಬೆರಣಿಯನ್ನೆಲ್ಲ ಒಳಗೆ ಹಾಕುತ್ತಾಳೆ. ನನ್ನ ಮೊಬೈಲು ಅದೇ ಹೊತ್ತಿಗೆ ಬಿಸಿಲಿನ ಚಿತ್ರ ತೋರಿಸುತ್ತಿರುತ್ತದೆ. ಸಂಜೆ ತೊಯ್ಯುವವನು ನಾನೊಬ್ಬನೇ. ಆಕೆಯ ಮೇಲೆ ನನಗಿರುವುದು ಬರೀ ಪ್ರೀತಿಯಲ್ಲ, ಒಂದು ನಮೂನೆಯ ಹೊಟ್ಟೆಕಿಚ್ಚು ಬೆರೆತ ಭಕ್ತಿ.

ಚಿಗವ್ವನ ತವರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿತ್ತು. ‘ಇತ್ತು’ ಅನ್ನಬೇಕು, ಆಣೆಕಟ್ಟಿನ ಹಿನ್ನೀರು ಬಂದು ಹಳೆಯ ಊರು ಮುಳುಗಿತು, ಜನ ಎತ್ತರದಲ್ಲಿ ಹೊಸ ಊರು ಕಟ್ಟಿಕೊಂಡರು. ಹೋಗುವಾಗ ತೊಲೆ, ಬಾಗಿಲು, ಕಟ್ಟಿಗೆಯ ಕಂಬ ಎಲ್ಲ ಹೇರಿಕೊಂಡು ಹೋದರು. ಚಿಗವ್ವನ ಅಪ್ಪನ ಮನೆಯವರಿಗೆ ಒಂದನ್ನು ಮಾತ್ರ ಒಯ್ಯಲಾಗಲಿಲ್ಲ. ಅದು ಮಗ್ಗದ ಕುಣಿ. ಆಗಿನದು ಕುಣಿಮಗ್ಗ, ನೆಲದಲ್ಲಿ ತೊಡೆಯಾಳ ತೋಡಿ, ಸುತ್ತ ಕಲ್ಲು ಕಟ್ಟಿ, ಅದರಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವುದು. ಹೊಳೆಯ ದಂಡೆಯಾದ್ದರಿಂದ ಆ ಕುಣಿಯೊಳಗಿನ ಮಣ್ಣಿನ ತಂಪು ಮೇಲಿನ ನೂಲನ್ನು ಬೇಸಿಗೆಯಲ್ಲೂ ಮೆತ್ತಗಿಡುತ್ತಿತ್ತು. ಚಿಗವ್ವ ಎಂಟು ವರ್ಷದವಳಿದ್ದಾಗ ಆ ಕುಣಿಯಲ್ಲಿ ಅಪ್ಪನ ಪಕ್ಕ ಕುಳಿತು ಮೊದಲ ಸಲ ಲಾಳಿ ಹಿಡಿದದ್ದು. ಮಗ್ಗವನ್ನು ಬಿಚ್ಚಿ ಒಯ್ಯಬಹುದು, ತಗ್ಗನ್ನು ಹೇಗೆ ಒಯ್ಯುವುದು?

ಆಕೆಯ ಅಣ್ಣ ಪ್ರತಿ ಬೇಸಿಗೆ, ನೀರು ಇಳಿದಾಗ, ಹಳೆಯ ಊರಿಗೆ ಹೋಗಿ ನೋಡಿಬಂದು ಫೋನಿನಲ್ಲಿ, ‘ಕುಣಿ ಐತಿ ಬೇ ತಂಗಿ’ ಅನ್ನುತ್ತಿದ್ದ. ಅಷ್ಟು ಕೇಳಿದರೆ ಆಕೆಗೆ ಒಂದು ವರ್ಷಕ್ಕೆ ಸಾಕಾಗುತ್ತಿತ್ತು. ಹೋದ ದೀಪಾವಳಿ ಮುಗಿದ ಮೇಲೆ ಆ ಅಣ್ಣ ತೀರಿಕೊಂಡ. ಹದಿನೈದು ದಿನ ಕಳೆದು ಚಿಗವ್ವ ಹೂಬತ್ತಿ ಹೊಸೆಯುತ್ತ, ಯಾರಿಗೂ ಅಲ್ಲ ಎಂಬಂತೆ, ‘ಇನ್ನ ಕುಣಿ ಐತಿ ಅಂತ ನನಗ ಹೇಳವರು ಯಾರು? ಒಮ್ಮೆ ನಾನ ನೋಡಿ ಬರಬೇಕಿತ್ತು’ ಅಂದಳು. ಜಮಖಂಡಿಯ ಡಾಕ್ಟರು ಆಕೆಯ ಮೊಣಕಾಲು ನೋಡಿ, ಈ ವರ್ಷ ನಡೆದಷ್ಟು ಬರುವ ವರ್ಷ ನಡೆಯುವುದಾಗಲಿಕ್ಕಿಲ್ಲ ಎಂದು ನನ್ನನ್ನು ಬದಿಗೆ ಕರೆದು ಹೇಳಿದ್ದರು. ನೋಡುವುದಾದರೆ ಈಗಲೇ ನೋಡಬೇಕಿತ್ತು.

ನನಗೆ ಇಂಥದ್ದೇ ಒಂದು ಅವಕಾಶ ಬೇಕಾಗಿತ್ತು. ನೋಟುಬುಕ್ಕು ತೆಗೆದೆ. ಡಿಸೆಂಬರಿನ ಎರಡನೆಯ ವಾರ ನಾಲ್ಕೂ ಅಂಕಣ ಹೊಳೆಯುತ್ತಿದ್ದವು. ‘ಚಿಗವ್ವಾ, ಬರೂ ಐತವಾರ ನಿನ್ನ ತವರೂರಿಗೆ ಹೋಗೂಣು’ ಅಂದೆ. ‘ಈಗ?’ ಅಂದಳು. ‘ಇದಕ್ಕಿಂತ ಛಲೋ ಹವಾ ಸಿಗೂದಿಲ್ಲ’ ಅಂದೆ. ‘ಈಗ ಏನೋ?’ ಎಂದು ಇನ್ನೊಮ್ಮೆ ಕೇಳಿದಳು. ಹಿರಿಯರು ಒಂದೇ ಮಾತನ್ನು ಎರಡು ಸಲ ಕೇಳಿದರೆ ನಿಂತು ಯೋಚಿಸಬೇಕು ಎಂದು ಸಾಲಿಯಲ್ಲಿ ಮಕ್ಕಳಿಗೆ ಹೇಳುತ್ತಿದ್ದವನು ನಾನು. ಯೋಚಿಸಲಿಲ್ಲ, ಬಾಡಿಗೆಯ ಕಾರು ಹೇಳಿದೆ.

ಎಂಥ ದಿನ ಅದು! ಬೆಳಗಿನ ಮಂಜಿನಲ್ಲಿ ಗಾಣದ ಮನೆಗಳಿಂದ ಬಿಸಿ ಬೆಲ್ಲದ ವಾಸನೆ ರಸ್ತೆಗೇ ಬಂದು ನಿಂತಿತ್ತು. ಬಿಳಿಜೋಳದ ಹೊಲಗಳು ಸೊಂಟದವರೆಗೆ ಹಸಿರು. ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡದ್ದೂ ಆ ದಿನ ನನಗೆ ಮೆರವಣಿಗೆಯ ಹಾಗೆ ಕಂಡಿತು. ಚಿಗವ್ವ ಹೊಸ ಇಳಕಲ್ಲ ಸೀರೆ ಉಟ್ಟು, ತೊಡೆಯ ಮೇಲೆ ಬುತ್ತಿಯ ಗಂಟು ಇಟ್ಟುಕೊಂಡು ಕುಳಿತಿದ್ದಳು. ಹೊಸ ಊರು ದಾಟಿ ದಿನ್ನೆ ಏರಿ ನಿಂತೆವು. ಮುಂದೆ ಕಣ್ಣು ಹಾಯುವವರೆಗೆ ನೀಲಿ ನೀರು, ಅದರ ಮೇಲೆ ದೂರದೇಶದ ಹಕ್ಕಿಗಳು. ನಾನು ಫೋಟೋ ತೆಗೆದದ್ದೇ ತೆಗೆದದ್ದು. ಚಿಗವ್ವ ಬಹಳ ಹೊತ್ತು ನೋಡಿ ಕೇಳಿದಳು, ‘ಇದರಾಗ ನಮ್ಮ ಊರು ಎಲ್ಲಿ ಬರತೈತೋ?’

ಮೊಬೈಲನ್ನು ಜೇಬಿಗೆ ಹಾಕಿದೆ. ಮಳೆಗಾಲದಲ್ಲಿ ತುಂಬಿದ ಜಲಾಶಯ ಚಳಿಗಾಲದಲ್ಲಿ ತುಂಬಿಯೇ ಇರುತ್ತದೆ ಎಂದು ನಕಾಶೆಗೆ ಕೋಲು ಬಡಿದು ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರ ನಾನು, ಹವೆ ಚೆನ್ನಾಗಿದೆಯೆಂದು ಹೆಣ್ಣುಮಗಳನ್ನು ತವರಿಗೆ ಕರೆತಂದಿದ್ದೆ. ತವರು ನೀರಿನ ಕೆಳಗಿತ್ತು. ‘ಗೊತ್ತಿದ್ದೂ ಯಾಕ ಹೇಳಲಿಲ್ಲ ಚಿಗವ್ವಾ?’ ಅಂದೆ. ‘ಎರಡ ಸಲ ಕೇಳಿದ್ನಲ್ಲೋ. ನೀ ಮಾಸ್ತರ, ಮ್ಯಾಲ ಅಷ್ಟ ಹುರುಪಿನ್ಯಾಗ ಇದ್ದಿ. ಇರ್ಲಿ ಬಿಡು, ನೀರು ಛಲೋ ಐತಿ’ ಅಂದು ಬುತ್ತಿ ಬಿಚ್ಚಿದಳು. ನನಗೆ ರೊಟ್ಟಿ ಇಳಿಯಲಿಲ್ಲ. ಆಕೆ ಬಯ್ದಿದ್ದರೆ ಬಹುಶಃ ಎರಡು ತಿನ್ನುತ್ತಿದ್ದೆ.

ಹಿಂದಕ್ಕೆ ಬರುವಾಗ ಕಾರಿನಲ್ಲಿ ಆಕೆ ಹೇಳಿದ ಸಂಗತಿ ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಉಳಿದ ಮನೆಗಳ ಸೊಸೆಯಂದಿರು ನಾಗರಪಂಚಮಿಗೆ ತವರಿಗೆ ಹೋಗುತ್ತಾರೆ. ನೇಕಾರರ ಮನೆಗಳಲ್ಲಿ ಪಂಚಮಿ ಎಂದರೆ ಹಬ್ಬದ ಸೀರೆಗಳ ಅವಸರ, ಸೊಸೆಯನ್ನು ಯಾರು ಬಿಡುತ್ತಾರೆ? ಅವರು ಹೋಗುತ್ತಿದ್ದದ್ದು ಸುಡು ಬೇಸಿಗೆಯಲ್ಲಿ, ಎಳೆ ಕಡಿದು ಮಗ್ಗ ನಿಂತ ದಿನಗಳಲ್ಲಿ. ‘ಎಳಿ ಕಡಿಯಾಕ ಹತ್ತಿತಂದ್ರ ನಮ್ಮತ್ತಿ ಬೈಕೋಂತ ಕುಂಡ್ರತಿದ್ಲು, ನಾ ಒಳಗ ಹೋಗಿ ಗಂಟು ಕಟ್ಟತಿದ್ದೆ’ ಅಂದು ನಕ್ಕಳು. ಊರಿಗೆಲ್ಲ ಕೆಟ್ಟದಾದ ಹವೆ ಒಬ್ಬ ಸೊಸೆಗೆ ಹಬ್ಬವಾಗಿರಬಹುದೆಂದು ನಾನು ಯಾವ ಅಂಕಣದಲ್ಲೂ ಬರೆದಿರಲಿಲ್ಲ.

ಮೇ ತಿಂಗಳು ಬಂತು. ನೀರು ಇಳಿದಿದೆ ಎಂದು ಹೊಸ ಊರಿನಿಂದ ಸುದ್ದಿ ಬಂತು. ಒಂದು ಸೋಮವಾರ ಮೋಡ ಕವಿದು ತಂಪಾಯಿತು. ನಾನು ಕಾರು ತರಿಸಿ ನಿಲ್ಲಿಸಿದೆ. ಚಿಗವ್ವ ನೂಲು ಜಗ್ಗಿ ನೋಡಿ, ‘ಇವತ್ತ ಬ್ಯಾಡ, ಹಸಿ ಐತಿ’ ಅಂದಳು. ಮಂಗಳವಾರ ಬಿಸಿಲು ಬಿತ್ತು, ‘ಇನ್ನೂ ಸ್ವಲ್ಪ’ ಅಂದಳು. ಬುಧವಾರವೂ ಅದೇ. ನನ್ನ ಮೊಬೈಲು ಶುಕ್ರವಾರಕ್ಕೆ ಅಡ್ಡಮಳೆ ತೋರಿಸುತ್ತಿತ್ತು. ಮಳೆ ಹೊಡೆದರೆ ಹಿನ್ನೀರಿನ ಎರೆಯಲ್ಲಿ ಎತ್ತೂ ನಡೆಯುವುದಿಲ್ಲ, ಆಮೇಲೆ ನೀರು ಏರುತ್ತದೆ, ಮುಂದಿನ ವರ್ಷ ಆ ಮೊಣಕಾಲು ಒಪ್ಪುವುದಿಲ್ಲ. ‘ಅವರಿಗೆ ಒಂದೀಟು ಜೋರ ಮಾಡಿ ಹೇಳ್ರಿ’ ಎಂದು ಸರೋಜಾ ಅಂದಳು. ಹೇಳಿದೆ. ಚಿಗವ್ವ ಎಳೆಯ ಮೇಲಿನ ಕಣ್ಣು ತೆಗೆಯದೆ, ‘ಡಿಸೆಂಬರದಾಗ ನಿನ್ನ ಮಾತ ನಾ ಕೇಳಿದ್ನಿಲ್ಲೋ?’ ಅಂದಳು. ನಾನು ಒಳಗೆ ಹೋಗಿ ಕುಳಿತೆ.

ಗುರುವಾರ ಬೆಳಿಗ್ಗೆ ಆಕೆ ಎಳೆಯನ್ನು ಬೆರಳಲ್ಲಿ ಹಿಡಿದಳೋ ಇಲ್ಲವೋ, ಅದು ಕಡಿದು ಬಿತ್ತು. ‘ನಡಿ’ ಅಂದು ಎದ್ದಳು. ಕಾರಿನವನು, ‘ತಂಪ ಇದ್ದಾಗ ಬ್ಯಾಡ ಅಂದ್ರಿ, ಇವತ್ತ ಬೆಂಕ್ಯಾಗ ಬಾ ಅಂತೀರಲ್ರೀ ಮಾಸ್ತರ’ ಎಂದು ಗೊಣಗುತ್ತಲೇ ಬಂದ. ನಾನು ಟೊಪ್ಪಿಗೆ, ಛತ್ರಿ, ಮಜ್ಜಿಗೆಯ ಎರಡು ಬಾಟಲಿ, ಒದ್ದೆ ಟವೆಲು, ಉಪ್ಪು-ಸಕ್ಕರೆಯ ಪುಡಿ ಎಲ್ಲ ಸಜ್ಜು ಮಾಡಿಕೊಂಡೆ. ಚಿಗವ್ವ ಸೆರಗು ಹೊದ್ದುಕೊಂಡಳು, ಅಷ್ಟೆ.

ಡಿಸೆಂಬರಿನ ನೀಲಿ ನೀರು ನಿಂತಿದ್ದಲ್ಲಿ ಈಗ ಬಿರುಕು ಬಿಟ್ಟ ಎರೆ. ನೀರು ಎಲ್ಲೋ ದೂರದಲ್ಲಿ ಒಂದು ಗೆರೆ. ದಿನ್ನೆಯ ಕೆಳಗೆ ಸೌತೆಬಳ್ಳಿ ಹಾಕಿದ್ದ ರೈತನೊಬ್ಬ ಚಕ್ಕಡಿ ನಿಲ್ಲಿಸಿಕೊಂಡಿದ್ದ. ‘ಯಾರ ಮನಿಯವರಬೇ ಯವ್ವಾ?’ ಎಂದು ಕೇಳಿದ. ಚಿಗವ್ವ ತನ್ನ ಅಪ್ಪನ ಹೆಸರು ಹೇಳಿದಳು. ಅವನು ಎತ್ತು ಹೂಡಿಯೇಬಿಟ್ಟ. ‘ನಡಕೋತ ಹೋಗ್ತೇವಪಾ, ನಿಂಗ್ಯಾಕ ತ್ರಾಸ’ ಅಂದರೆ, ‘ತವರಿಗೆ ಹೊಂಟಾಕಿನ್ನ ನಡಸ್ತಾರೇನಬೇ?’ ಅಂದ. ಅರ್ಧ ದಾರಿಗೆ ಬಿಸಿಲು ನನ್ನ ತಲೆಗೇರಿತು. ಮಜ್ಜಿಗೆಯನ್ನು ನಾನು ಆಕೆಗೆ ಕುಡಿಸಬೇಕೆಂದು ತಂದಿದ್ದೆ. ಆಕೆ ನನಗೆ ಕುಡಿಸಿದಳು, ಒದ್ದೆ ಟವೆಲನ್ನೂ ನನ್ನ ತಲೆಗೇ ಸುತ್ತಿದಳು.

ಊರು ಅನ್ನುವಂಥದ್ದು ಏನೂ ಇರಲಿಲ್ಲ. ಹನುಮಪ್ಪನ ಗುಡಿಯ ಕಟ್ಟೆಯ ನಾಲ್ಕು ಕಲ್ಲು, ಅಲ್ಲಲ್ಲಿ ಹಂಚಿನ ಚೂರು, ಉಳಿದದ್ದೆಲ್ಲ ಹೂಳು ಮುಚ್ಚಿದ ಬಯಲು. ಚಿಗವ್ವ ಕಟ್ಟೆಯಿಂದ ಹೆಜ್ಜೆ ಎಣಿಸುತ್ತ ಹೊರಟಳು, ನಿಂತಳು, ಮತ್ತೆ ಕಟ್ಟೆಗೆ ಬಂದಳು. ಎಂಟು ವರ್ಷದ ಹುಡುಗಿಯ ಹೆಜ್ಜೆಯ ಲೆಕ್ಕ ಈ ಮೊಣಕಾಲಿಗೆ ಸಿಗುತ್ತಿರಲಿಲ್ಲ. ಇದೂ ಡಿಸೆಂಬರಿನ ಹಾಗೇ ಆಗುತ್ತದೆ ಅಂದುಕೊಂಡೆ. ಆಕೆ ಚಪ್ಪಲಿ ಕಳೆದಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ನೆಲವನ್ನೇ ನೋಡುತ್ತ ನಿಂತಳು. ಆಮೇಲೆ ಬರಿಗಾಲಲ್ಲಿ ಸೀದಾ ನಡೆದಳು. ಸುತ್ತ ಎಲ್ಲ ಬೂದಿಯ ಬಣ್ಣದ ಬಿರುಕು ನೆಲ, ನಡುವೆ ಒಂದು ಚಾಪೆಯಷ್ಟು ಜಾಗ ಮಾತ್ರ ಕಪ್ಪಗೆ, ಬಿರುಕಿಲ್ಲದೆ ಇತ್ತು. ಆಕೆ ಅದರ ಮೇಲೆ ಕಾಲಿಟ್ಟು, ‘ಇಲ್ಲಿ’ ಅಂದಳು.

ಕುಣಿ ಹೂಳು ತುಂಬಿ ನೆಲಸಮವಾಗಿತ್ತು. ಆದರೂ ಆಕೆಯ ಅಪ್ಪ ಕಟ್ಟಿದ ಕಲ್ಲಿನೊಳಗೆ ಅದರ ತಂಪು ಹಾಗೇ ಇತ್ತು. ‘ಮೋಡದ ದಿನ ಬಂದಿದ್ರ ನೆಲ ಎಲ್ಲಾ ಒಂದ ಬಣ್ಣ ಕಾಣತಿತ್ತು. ಪೂರಾ ಒಣಗಬೇಕೋ ಈರಣ್ಣಾ, ಅಂದ್ರನ ಇದೊಂದು ಹಸಿ ಉಳದದ್ದು ಕಾಣತೈತಿ. ಅಣ್ಣ ಹೇಳತಿದ್ದ’ ಅಂದಳು. ಅಲ್ಲಿಯೇ ಕುಳಿತು ಕಾಲು ಚಾಚಿದಳು. ಪಾದಗಳು ತಮ್ಮಷ್ಟಕ್ಕೆ ಒಂದಾದ ಮೇಲೆ ಒಂದು ಮಗ್ಗದ ಪಾವಡಿ ತುಳಿದಂತೆ ಅಲುಗಿದವು. ಎಲೆಯಡಿಕೆಯ ಚೀಲದಿಂದ ಒಂದು ಮೊಳ ನೂಲು ತೆಗೆದು ಆ ಮಣ್ಣಿನ ಮೇಲೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತು ಬಿಟ್ಟು ಎತ್ತಿ ಕಿವಿಯ ಹತ್ತಿರ ಜಗ್ಗಿದಳು. ಮತ್ತೆ ಜಗ್ಗಿದಳು.

‘ನೋಡೋ, ನಮ್ಮಪ್ಪನ ಮನ್ಯಾಗ ಇನ್ನೂ ಎಳಿ ಕಡಿಯೂದಿಲ್ಲ’ ಅಂದಳು.

ಟವೆಲು ತಲೆಗಿತ್ತು, ಅದರಿಂದಲೇ ಕಣ್ಣೊರೆಸಿಕೊಂಡೆ. ಬೆವರು ಎಂದು ಚಕ್ಕಡಿಯವನು ತಿಳಿದಿರಬೇಕು. ಅವನು ಹಿಂದಕ್ಕೆ ಬರುವಾಗ ತನ್ನ ಬಳ್ಳಿಯಿಂದ ಐದು ಎಳೆ ಸೌತೆಕಾಯಿ ಹರಿದು ತಂದು, ‘ತವರಿಂದ ಬರೇ ಉಡೀಲೆ ಹೋಗಬಾರ್ದಬೇ’ ಎಂದು ಚಿಗವ್ವನ ಸೆರಗಿಗೆ ಹಾಕಿದ. ಆಕೆ ಅವನ್ನು ಬನಹಟ್ಟಿಯವರೆಗೂ ಹಾಗೇ ಸೆರಗಿನಲ್ಲಿ ಹಿಡಿದುಕೊಂಡು ಬಂದಳು.

ಶುಕ್ರವಾರ ಮಳೆ ಬಂತು, ಮೊಬೈಲು ಆ ಸಲ ಖರೆ ಹೇಳಿತ್ತು. ನೋಟುಬುಕ್ಕಿನ ಐದನೆಯ ಅಂಕಣದಲ್ಲಿ ಗುರುವಾರದ ಎದುರಿಗೆ ‘ಅತ್ಯಂತ ಯೋಗ್ಯ’ ಎಂದು ಬರೆದೆ. ತಾಪಮಾನದ ಜೊತೆ ಅದನ್ನು ಓದಿದ ಸರೋಜಾ, ಬಿಸಿಲು ಇನ್ನೂ ತಲೆಯಿಂದ ಇಳಿದಿಲ್ಲ ಅಂದುಕೊಂಡಳು.

ಜುಲೈಯಲ್ಲಿ ಶ್ರೀಕಂಠನ ಫೋನು ಬಂತು. ‘ಹೇಳಪ್ಪಾ, ಈ ವರ್ಷನಾದ್ರೂ ಯಾವಾಗ ಬಂದ್ರೆ ಒಳ್ಳೇದು?’ ಅಂದ. ಅಭ್ಯಾಸದಂತೆ ‘ಈಗ ಬೇಡ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡು, ‘ಯಾರನ್ನ ನೋಡಾಕ ಬರ್ತೀ?’ ಎಂದು ಕೇಳಿದೆ.

‘ಇದೆಂಥಾ ಪ್ರಶ್ನೆ ಕಣೋ? ನಿನ್ನನ್ನ ನೋಡೋಕೆ. ನಿಮ್ಮೂರಲ್ಲಿ ನಂಗೆ ಇನ್ಯಾರು ಗೊತ್ತು?’ ಅಂದ.

ಹನ್ನೊಂದು ವರ್ಷಗಳಲ್ಲಿ ಇದನ್ನು ನಾನು ಕೇಳಿಯೇ ಇರಲಿಲ್ಲ. ಹೊರಗೆ ಮೂರು ದಿನಗಳಿಂದ ಜಿಟಿಜಿಟಿ ಹಿಡಿದಿತ್ತು. ಓಣಿಯ ಕೆಸರಿನಲ್ಲಿ ಯಾರದೋ ಚಪ್ಪಲಿ ಸಿಕ್ಕಿ ನಿಂತಿತ್ತು. ಕಟ್ಟೆಯ ಮೇಲೆ ಚಿಗವ್ವ ಎಳೆ ಜಗ್ಗುತ್ತ ನನ್ನ ಕಡೆಗೇ ಕಿವಿ ಕೊಟ್ಟಿದ್ದಳು.

‘ಹಂಗಾದ್ರ ನಾಳೆ ಬಾ’ ಅಂದೆ.